ಏಳನೇ ನಂಬರಿನ ಕೆಂಪು ಪಟ್ಟಿ

ಆ ಕಾಲೇಜಿನಲ್ಲಿ ಕೊನೆಯ ವರ್ಷಕ್ಕೆ ಬಂದವರು ಪುಸ್ತಕದ ಲೆಕ್ಕ ಬಿಟ್ಟು ಹೊರಗಿನವರ ಲೆಕ್ಕ ಬಿಡಿಸಬೇಕೆಂಬ ನಿಯಮವಿತ್ತು. ಮೂರು ಮೂರು ಜನರ ತಂಡ, ಪ್ರತಿ ತಂಡಕ್ಕೂ ಒಂದು ನಿಜವಾದ ಸಂಸ್ಥೆ, ಆ ಸಂಸ್ಥೆಯ ನಿಜವಾದ ತಲೆನೋವು. ಒಂದು ತಂಡಕ್ಕೆ ಬೇಕರಿ ಸಿಕ್ಕಿತು, ಇನ್ನೊಂದಕ್ಕೆ ಪ್ರಾಣಿಗಳ ಆಸ್ಪತ್ರೆ. ಜರಡಿಯ ತಂಡಕ್ಕೆ ಲಿಫ್ಟ್ ರಿಪೇರಿ ಮಾಡುವ ಕಂಪನಿ. ಸಿಕ್ಕಿತು ಅನ್ನುವುದಕ್ಕಿಂತ ಅವಳೇ ಹುಡುಕಿ ತಂದಳು ಅನ್ನಬೇಕು. ಅವಳ ಸೋದರಮಾವ ಅಲ್ಲಿ ಇಪ್ಪತ್ತಾರು ವರ್ಷದಿಂದ ಮೆಕ್ಯಾನಿಕ್. ಅವನೇ ಮ್ಯಾನೇಜರ ಹತ್ತಿರ ಹೋಗಿ, ಟೊಪ್ಪಿ ಕೈಯಲ್ಲಿ ಹಿಡಿದುಕೊಂಡು, "ನಮ್ಮಕ್ಕನ ಮಗಳ ಕಾಲೇಜಿನವರು ಏನೋ ಲೆಕ್ಕ ಮಾಡ್ಕೊಡ್ತಾರಂತೆ ಸಾರ್, ದುಡ್ಡೇನೂ ಬೇಡವಂತೆ" ಎಂದು ಕೇಳಿ ಒಪ್ಪಿಸಿದ್ದ.

ಜರಡಿ ಎಂಬುದು ತಂಡದವರು ಇಟ್ಟ ಹೆಸರು. ಯಾವ ಮಾಹಿತಿಯ ಕಡತ ಬಂದರೂ ಮೊದಲು ಅವಳ ಕೈಗೆ. ಖಾಲಿ ಸಾಲು, ತಪ್ಪು ತಾರೀಖು, ಎರಡೆರಡು ಸಲ ಬರೆದದ್ದು ಎಲ್ಲವನ್ನೂ ಸೋಸಿ ಶುದ್ಧ ಮಾಡಿ ಕೊಡುವವಳು ಅವಳು. ಕೊಟ್ಟದ್ದನ್ನು ಬಣ್ಣಬಣ್ಣದ ಪಟ್ಟಿ ಮಾಡಿ ಮೆರೆಸುವವನು ಕ್ಯಾಪ್ಟನ್. ಅವನನ್ನು ಯಾರೂ ನಾಯಕನೆಂದು ಆರಿಸಿರಲಿಲ್ಲ, ಮೊದಲ ದಿನವೇ ನಡುವಿನ ಕುರ್ಚಿಯಲ್ಲಿ ಕೂತ, ಅಷ್ಟೇ. ಮೂರನೆಯವಳು ಮೌನಿ. ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು, ಆದರೆ ಅವಳು ಹಾಕಿದ ಲೆಕ್ಕ ಒಮ್ಮೆಯೂ ಹುಸಿಹೋದದ್ದಿಲ್ಲ.

ಕಂಪನಿ ಕೊಟ್ಟದ್ದು ಮೂರು ವರ್ಷದ ದೂರುಗಳ ಕಡತ. ಒಂಬತ್ತು ಸಾವಿರದ ನಾನೂರು ಸಾಲು. ಯಾವ ಕಟ್ಟಡ, ಯಾವ ಲಿಫ್ಟು, ಯಾವ ನಂಬರಿನ ಮೆಕ್ಯಾನಿಕ್ ಹೋದ, ಎಷ್ಟು ಹೊತ್ತಿಗೆ ಶುರು, ಎಷ್ಟು ಹೊತ್ತಿಗೆ ಮುಕ್ತಾಯ. ಮ್ಯಾನೇಜರ ಪ್ರಶ್ನೆ ಒಂದೇ: ದೂರುಗಳು ಯಾಕೆ ಹೀಗೆ ರಾಶಿ ಬೀಳುತ್ತಿವೆ?

ಜರಡಿ ಸೋಸಲು ಕೂತಳು. ಉಳಿದದ್ದೆಲ್ಲ ಪರವಾಗಿಲ್ಲ, ‘ಯಾವ ಲಿಫ್ಟು’ ಅನ್ನುವ ಕಾಲಂ ಮಾತ್ರ ಗೋಜಲೋ ಗೋಜಲು. ಒಬ್ಬ ‘ಎ-2’ ಎಂದು ಬರೆದರೆ ಇನ್ನೊಬ್ಬ ‘ಎರಡನೇದು’, ಮತ್ತೊಬ್ಬ ‘ಗೇಟ್ ಪಕ್ಕದ್ದು’. ನೂರಾರು ಕಡೆ ಬರೀ ‘ಅದೇ’. ಯಾವುದು? ಯಾರಿಗೆ ಗೊತ್ತು! ಅವಳು ಅರ್ಧ ದಿನ ಹೆಣಗಿ, ಸಾಕಾಗಿ, ಆ ಕಾಲಮನ್ನೇ ಅಳಿಸಿಹಾಕಿದಳು. ಕಡತ ಹೊಳೆಯಿತು.

ಇನ್ನೊಂದು ಕಳ್ಳಾಟವನ್ನೂ ಆಡಿದ್ದಳು, ಅದನ್ನೂ ಹೇಳಿಬಿಡುವುದು ಒಳ್ಳೆಯದು. ಅವರ ಮೇಡಂ ಮಾಡಿದ ಕಡ್ಡಾಯವೊಂದಿತ್ತು, ‘ಜೊತೆ ದಿನ’ ಎಂದು. ಯಾರ ಕೆಲಸದಿಂದ ಈ ಅಂಕಿಗಳು ಹುಟ್ಟಿದವೋ ಅವರ ಜೊತೆ ಒಂದು ಪೂರ್ತಿ ದಿನ ಇದ್ದು, ಕಂಡದ್ದನ್ನು ಹನ್ನೆರಡು ಪ್ರಶ್ನೆಯ ಫಾರಂನಲ್ಲಿ ಬರೆಯಬೇಕು. ಮನೆಯಲ್ಲೇ ಮೆಕ್ಯಾನಿಕ್ ಇರುವಾಗ ಬಿಸಿಲಲ್ಲಿ ಯಾಕೆ ಅಲೆಯಬೇಕು? ಜರಡಿ ಸಂಜೆಯ ಚಹಾದ ಹೊತ್ತಿಗೆ ಮಾವನ ಎದುರು ಕೂತು ಫಾರಂ ತುಂಬಿಸಿದಳು.

"ಕೆಟ್ಟಿದ್ದು ಸರಿಯಾದ ಮೇಲೆ ಏನ್ ಮಾಡ್ತೀಯ ಮಾವ?"

"ಏನ್ ಮಾಡ್ತೀನಿ, ನೋಡ್ಕೊಂಡು ಬರ್ತೀನಿ" ಎಂದ ಅವನು, ಬಿಸ್ಕತ್ತು ಅದ್ದುತ್ತಾ.

‘ಪರಿಶೀಲಿಸಿ ಹಿಂತಿರುಗುವುದು’ ಎಂದು ಅವಳು ಬರೆದಳು. ಒಳಗಿನಿಂದ ಅಮ್ಮ, "ದಿನಕ್ಕೆ ನೂರು ಸಲ ಮೇಲೆ ಹೋಗ್ತಾನೆ ನಮ್ಮ ತಮ್ಮ, ಜೀವನದಲ್ಲಿ ಮಾತ್ರ ಒಂದು ಮೆಟ್ಟಿಲೂ ಏರ್ಲಿಲ್ಲ, ಇದನ್ನೂ ಬರ್ಕೋ" ಎಂದು ಕೂಗಿದಳು. ಮಾವ ಎಲ್ಲರಿಗಿಂತ ಜೋರಾಗಿ ನಕ್ಕ. ಜರಡಿ ಎರಡನೇ ತರಗತಿಯಲ್ಲಿದ್ದಾಗ ಅಪ್ಪ ತೀರಿಕೊಂಡದ್ದು. ಅಂದಿನಿಂದ ಈ ಮನೆಯ ಗಂಡುದಿಕ್ಕು ಅವನೇ. ಮದುವೆಯ ಮಾತೆತ್ತಿದಾಗಲೆಲ್ಲ, "ಎರಡು ಹೆಂಗಸರ ಕೈಲಿ ಬೈಸ್ಕೊಳ್ಳೋದು ಸಾಲ್ದಾ" ಎಂದು ತೇಲಿಸಿಬಿಡುತ್ತಿದ್ದ.

ಮಧ್ಯಂತರ ವರದಿಯನ್ನು ಕ್ಯಾಪ್ಟನ್ ಶನಿವಾರವೇ ಮ್ಯಾನೇಜರಿಗೆ ಕಳಿಸಿದ. ಆತುರಗಾರನಿಗೆ ಬುದ್ಧಿ ಮಟ್ಟ ಅನ್ನುತ್ತಾರೆ. ತಂಡಕ್ಕೆ ಒಂದು ಸಲ ತೋರಿಸಿ ಕಳಿಸಬೇಕೆಂದು ಅವನಿಗೆ ಹೊಳೆಯಲೇ ಇಲ್ಲ. ಸೋಮವಾರ ತರಗತಿಯ ಪರದೆಯ ಮೇಲೆ ಪಟ್ಟಿ ಮೂಡಿತು. ಹದಿನಾಲ್ಕು ಮೆಕ್ಯಾನಿಕ್ಕುಗಳು, ಒಂದು ದೂರು ಮುಗಿಸಲು ಯಾರಿಗೆ ಎಷ್ಟು ಹೊತ್ತು ಎಂದು. ಹದಿಮೂರು ಗೆರೆಗಳು ಹಸಿರು, ನಲವತ್ತು ನಿಮಿಷದ ಆಸುಪಾಸು. ಕೊನೆಯದೊಂದು ಕೆಂಪು, ಒಂದು ಗಂಟೆ ಐವತ್ತು ನಿಮಿಷ. ನಂಬರ್ ಏಳು.

ಆ ಏಳನ್ನು ಜರಡಿ ಚಿಕ್ಕಂದಿನಿಂದ ಮಾವನ ಅಂಗಿಯ ಜೇಬಿನ ಮೇಲೆ ನೋಡಿದ್ದಳು.

"ಮ್ಯಾನೇಜರ್ ಉತ್ತರನೂ ಬಂದಾಯ್ತು!" ಎಂದು ಕ್ಯಾಪ್ಟನ್ ಹಿಗ್ಗಿನಿಂದ ಓದಿದ: "ಬಹಳ ಉಪಯುಕ್ತ. ಕೆಂಪಿನಲ್ಲಿರುವವರ ಬಗ್ಗೆ ಕ್ರಮ ಕೈಗೊಳ್ಳಲಾಗುವುದು."

ಅವಳು ಆಗಲೇ ಬಾಯಿಬಿಡಬೇಕಿತ್ತು. ಬಿಡಲಿಲ್ಲ. ಲೆಕ್ಕ ಸರಿಯಿದ್ದರೆ? ಮಾವ ನಿಜವಾಗಿಯೂ ನಿಧಾನವೇ ಇರಬಹುದು, ಊಟಕ್ಕೆ ಕೂತರೂ ಎಲ್ಲರಿಗಿಂತ ಕೊನೆಗೆ ಏಳುವವನು. ನನ್ನ ಮಾವ ಎಂಬ ಒಂದೇ ಕಾರಣಕ್ಕೆ ಲೆಕ್ಕ ತಪ್ಪು ಅನ್ನುವುದು ಹೇಗೆ? ಹೀಗೆ ಒಂದು ವಾರ ಒಳಗೊಳಗೇ ಒದ್ದಾಡಿದಳು. ಮನೆಯಲ್ಲಿ ಮಾವನ ಮುಖ ನೋಡಲಾಗದೆ ತಟ್ಟೆ ನೋಡಿಕೊಂಡು ಉಂಡಳು. ಮುಂದಿನ ಮಂಗಳವಾರ ಬೆಳಿಗ್ಗೆ ತಡೆಯಲಾಗದೆ, "ಮಾವ, ಇವತ್ತು ನಿನ್ನ ಜೊತೆ ಬರ್ಲಾ?" ಎಂದು ಕೇಳಿದಳು.

ಅವನು ಶೂಗೆ ದಾರ ಕಟ್ಟುತ್ತಿದ್ದವನು ಒಂದು ಕ್ಷಣ ತಲೆ ಎತ್ತಿದ. "ಬಾ ಪುಟ್ಟಿ. ಗ್ರೀಸ್ ಆಗುತ್ತೆ, ಹಳೇ ಬಟ್ಟೆ ಹಾಕ್ಕೋ" ಎಂದ.

ಎಂಟು ಮಹಡಿಯ ಹಳೆಯ ಕಟ್ಟಡ. ಬಾಗಿಲು ಮುಚ್ಚಿ ಮುಚ್ಚಿ ತೆರೆದುಕೊಳ್ಳುವ ಲಿಫ್ಟು. ಮಾವ ಬಾಗಿಲಿನ ಮೇಲಿನ ತಗಡು ಬಿಚ್ಚಿ, ಸವೆದ ಸಣ್ಣ ಚಕ್ರವೊಂದನ್ನು ಬದಲಿಸಿ, ಹಳಿಯ ಕಸ ಒರೆಸಿ, ಇಪ್ಪತ್ತೈದು ನಿಮಿಷದಲ್ಲಿ ಎದ್ದುನಿಂತ. ಗುಂಡಿ ಒತ್ತಿದರೆ ಲಿಫ್ಟು ಬೆಣ್ಣೆಯ ಹಾಗೆ ಮೇಲೆ ಹೋಯಿತು. ಜರಡಿ ಗಡಿಯಾರ ನೋಡಿಕೊಂಡಳು. ಇಪ್ಪತ್ತೈದು! ಎಲ್ಲರಿಗಿಂತ ಬೇಗ!

"ಮುಗೀತಲ್ಲ ಮಾವ, ಮುಕ್ತಾಯ ಅಂತ ಫೋನಲ್ಲಿ ಒತ್ತಿಬಿಡು."

"ಎಲ್ಲಿ ಮುಗೀತು? ನೋಡೋದು ಬೇಡ್ವಾ?"

ಆಮೇಲೆ ಅವನು ‘ನೋಡಲು’ ಶುರುಮಾಡಿದ. ಒಂದೊಂದು ಮಹಡಿಯಲ್ಲೂ ನಿಲ್ಲಿಸಿ, ಶೂ ಕಳಚಿದ ಬರಿಗಾಲನ್ನು ಹೊಸ್ತಿಲ ಮೇಲಿಟ್ಟು, ಲಿಫ್ಟಿನ ನೆಲವೂ ಹೊರಗಿನ ನೆಲವೂ ಸಮ ಇವೆಯೇ ಎಂದು ಹೆಬ್ಬೆರಳಿನಿಂದ ಸವರಿದ. ಐದನೆಯದರಲ್ಲಿ ಬೆರಳು ತಡೆಯಿತು. ಮತ್ತೆ ಮೇಲೆ ಹೋಗಿ ಏನೋ ತಿರುಪಿ ಬಂದ. ಒಬ್ಬನೇ ನಿಂತು ಓಡಿಸಿದ, ಹತ್ತುವವರನ್ನೆಲ್ಲ ಹತ್ತಿಸಿಕೊಂಡು ಓಡಿಸಿದ. ಕೋಲೂರಿಕೊಂಡು ಬಂದ ಅಜ್ಜಿಯೊಬ್ಬಳಿಗೆ ಬಾಗಿಲು ಹಿಡಿದು, "ನಿಧಾನ ಅಜ್ಜಿ, ಈಗ ಎಡವಲ್ಲ ನೋಡಿ" ಎಂದ.

"ನಿಮ್ಮನ್ನೇ ಕಳಿಸಿ ಅಂತ ಎಷ್ಟು ಸಲ ಹೇಳೋದಪ್ಪ" ಎಂದು ಅಜ್ಜಿ ಗೊಣಗಿದಳು. "ಹೋದ್ಸಲ ಬಂದವರು ಹತ್ತೇ ನಿಮಿಷ ಇದ್ರು. ಮೂರೇ ದಿನಕ್ಕೆ ನಿಂತೋಯ್ತು. ಮತ್ತೆ ಫೋನ್ ಮಾಡಿದ್ವಿ, ಮತ್ತೆ ಹತ್ತು ನಿಮಿಷ, ಮತ್ತೆ ಕೆಡ್ತು. ಇದೇ ಲಿಫ್ಟು!"

ತಾನು ಕಸವೆಂದು ಬಿಸಾಡಿದ ಆ ನೂರಾರು ‘ಅದೇ’ಗಳ ಅರ್ಥ ಜರಡಿಗೆ ಈಗ ಆಯಿತು: ಹೋದ ಸಲ ಕೆಟ್ಟ ಅದೇ ಲಿಫ್ಟು. ಹತ್ತು ನಿಮಿಷದ ಎರಡು ರಿಪೇರಿ ಕಡತದಲ್ಲಿ ಎರಡು ಹಸಿರು ಗೆಲುವು. ಎರಡು ಗಂಟೆಯ ಒಂದು ರಿಪೇರಿ ಒಂದು ಕೆಂಪು ಸೋಲು. ದೂರು ರಾಶಿ ಬೀಳುತ್ತಿದ್ದದ್ದು ಮಾವನ ನಿಧಾನದಿಂದಲ್ಲ, ಉಳಿದವರ ಅವಸರದಿಂದ. ಅದನ್ನು ಹೇಳಬಲ್ಲ ಒಂದೇ ಒಂದು ಕಾಲಮನ್ನು ಅಳಿಸಿದ್ದು ಅವಳ ಕೈ.

ಮರುದಿನ ತಂಡದೆದುರು ಎಲ್ಲ ಒಪ್ಪಿಕೊಂಡಳು. ಕಾಲಂ ಅಳಿಸಿದ್ದು, ಫಾರಂ ಮನೆಯಲ್ಲೇ ತುಂಬಿಸಿದ್ದು, ಏಳನೇ ನಂಬರು ಮಾವನದು ಎಂಬುದು.

"ಈಗ ನೀನು ಮಾಡೋ ಲೆಕ್ಕನ ಯಾರು ನಂಬ್ತಾರೆ?" ಎಂದ ಕ್ಯಾಪ್ಟನ್. ಅವನು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ.

ಮೌನಿ ಅಂದಿನ ತನ್ನ ಹತ್ತು ಮಾತುಗಳಲ್ಲಿ ಒಂದನ್ನು ಖರ್ಚು ಮಾಡಿದಳು: "ಮೆಕ್ಯಾನಿಕ್ ನಂಬರು ಮುಚ್ಚಿಟ್ಟು ಕೊಡ್ತೀನಿ. ನೀನು ಲಿಫ್ಟ್ ಮಾತ್ರ ಗುರುತಿಸು."

ಹಾಗೇ ಆಯಿತು. ಯಾರು ಹೋಗಿದ್ದರು ಎಂದು ತಿಳಿಯದೆಯೇ ಜರಡಿ ಹತ್ತು ದಿನ ಕೂತು, ಕಟ್ಟಡದ ಕಾವಲುಗಾರರಿಗೆಲ್ಲ ಫೋನ್ ಮಾಡಿ, ‘ಗೇಟ್ ಪಕ್ಕದ್ದು’ ಯಾವುದು, ‘ಅದೇ’ ಅಂದರೆ ಯಾವುದು ಎಂದು ಒಂದೊಂದನ್ನೇ ಬಿಡಿಸಿದಳು. ಬಿಡಿಸಿದ್ದನ್ನು ಮೌನಿ ನಂಬರುಗಳಿಗೆ ಜೋಡಿಸಿದಳು. ಉಳಿದವರು ಮುಟ್ಟಿದ ಲಿಫ್ಟು ಸರಾಸರಿ ಐದು ವಾರಕ್ಕೆ ಮತ್ತೆ ಕೆಡುತ್ತಿತ್ತು. ಏಳನೇ ನಂಬರಿನವನು ಮುಟ್ಟಿದ್ದು ಏಳು ತಿಂಗಳು ಉಸಿರೆತ್ತುತ್ತಿರಲಿಲ್ಲ. ಕ್ಯಾಪ್ಟನ್ ಎರಡು ಸಲ ತಾಳೆ ನೋಡಿದ. ಆಮೇಲೆ, "ಹಾಗಾದ್ರೆ ಕೆಂಪು ಹನ್ನೆರಡನೇ ನಂಬರಿಗೆ ಹೋಗ್ಬೇಕು, ಅವನದೇ ಬೇಗ ಕೆಡೋದು" ಎಂದು ಬಣ್ಣ ಬದಲಿಸಲು ಹೊರಟ.

"ಬೇಡ" ಎಂದಳು ಜರಡಿ. "ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ್ವಿ ಒಂದ್ಸಲ. ಹನ್ನೆರಡನೇ ಅವರಿಗೆ ಒಂದು ಕಡೆ ಮುಗಿಯೋ ಮೊದಲೇ ಇನ್ನೊಂದು ಕಡೆ ಓಡು ಅಂತಾರೆ, ಅವರು ಹೆಬ್ಬೆರಳು ಇಟ್ಟು ನೋಡೋದು ಯಾವಾಗ?"

ಅಂತಿಮ ವರದಿಯ ದಿನ ಕಂಪನಿಯ ಕೋಣೆಯಲ್ಲಿ ಮ್ಯಾನೇಜರ್, ಮೇಡಂ, ತಂಡ. ಜರಡಿ ಎದ್ದುನಿಂತು ಮೊದಲು ತನ್ನ ತಪ್ಪನ್ನು ಹೇಳಿದಳು, ಫಾರಂ ವಿಷಯವನ್ನೂ ಬಿಡದೆ. ಮೇಡಂ ಪೆನ್ನು ತೆಗೆದು ಏನೋ ಗುರುತು ಹಾಕಿಕೊಂಡರು, ಅದು ಒಳ್ಳೆಯ ಗುರುತಾಗಿರಲಿಲ್ಲ. ಏಳನೆಯವರು ತನ್ನ ಸೋದರಮಾವ ಎಂದಳು. ಅದಕ್ಕೇ ನಂಬರು ಮುಚ್ಚಿಟ್ಟು ಲೆಕ್ಕ ಮಾಡಿದ್ದೆಂದಳು. ಆಮೇಲೆ ಪಟ್ಟಿ ತೋರಿಸಿದಳು. ಅದರಲ್ಲಿ ಯಾರ ನಂಬರೂ ಇರಲಿಲ್ಲ, ಕೆಂಪೂ ಇರಲಿಲ್ಲ. ಲಿಫ್ಟು ಅಲ್ಲಾಡಿದ ಕೂಡಲೇ ಮುಗಿಸಿದ ರಿಪೇರಿ ಒಂದು ಕಡೆ, ಓಡಿಸಿ ನೋಡಿ ಮುಗಿಸಿದ್ದು ಇನ್ನೊಂದು ಕಡೆ, ಯಾವುದು ಎಷ್ಟು ದಿನ ಬಾಳಿತು ಎಂದು.

"ಹೆಚ್ಚು ದೂರು ಮುಗಿಸಿದವರನ್ನೇ ನೀವು ಮೆಚ್ಚಿಕೊಳ್ತೀರ ಸಾರ್. ಅದಕ್ಕೇ ಎಲ್ಲರೂ ಓಡ್ತಾರೆ. ಓಡೋದ್ರಿಂದ್ಲೇ ದೂರು ಹೆಚ್ಚಾಗುತ್ತೆ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಮ್ಯಾನೇಜರ್ ಕೊರಳಪಟ್ಟಿ ಮುಟ್ಟಿಕೊಂಡರು. ಕೆಟ್ಟ ಮನುಷ್ಯರಲ್ಲ, ಅಂಕಿಯನ್ನು ನಂಬಿದ ಮನುಷ್ಯರು. ಬಹಳ ಹೊತ್ತು ಪಟ್ಟಿ ನೋಡಿ, "ಇದು ಮೊದಲೇ ಬರ್ಬೇಕಿತ್ತಮ್ಮ" ಎಂದರು. "ಏಳನೇ ನಂಬರಿನವರಿಗೆ ನಾನು ಆಗ್ಲೇ ಪತ್ರ ಕೊಟ್ಟೆ. ಈ ತಿಂಗಳ ಕೊನೆಗೆ ಸಾಕು ಅಂತ. ನಿಮ್ಮ ಮೊದಲ ವರದಿ ಬಂತಲ್ಲ, ಅದರ ಮರುವಾರ. ಶುಕ್ರವಾರ."

ಶುಕ್ರವಾರ. ಅವಳು ಮಾವನ ಜೊತೆ ಹೋದದ್ದು ಅದರ ಮುಂದಿನ ಮಂಗಳವಾರ.

"ಅವರು... ಏನಂದ್ರು ಸಾರ್?"

"ನಿಮ್ಮ ಪಟ್ಟಿ ತೋರ್ಸಿದೆ. ‘ಯಾರು ಮಾಡಿದ್ದು ಇದು’ ಅಂದ್ರು. ನೀವೇ ಕರ್ಕೊಂಡು ಬಂದ ಮಕ್ಕಳು ಅಂದೆ. ಸುಮಾರು ಹೊತ್ತು ನೋಡಿ, ‘ಅಂದವಾಗಿ ಮಾಡಿದಾರೆ ಸಾರ್’ ಅಂತ ಹೇಳಿ, ಪತ್ರಕ್ಕೆ ಸಹಿ ಹಾಕಿ ಹೋದ್ರು."

ಮ್ಯಾನೇಜರ್ ಆ ಪತ್ರವನ್ನು ಅಲ್ಲೇ ಹಿಂದಕ್ಕೆ ಪಡೆದರು, ಅದು ನಿಜ. ಇನ್ನು ಮುಂದೆ ಓಡಿಸಿ ನೋಡದೆ ಮುಕ್ತಾಯ ಒತ್ತುವಂತಿಲ್ಲ ಎಂದು ಬರೆದುಕೊಂಡರು, ಅದೂ ನಿಜ. ಜರಡಿಯ ಕಿವಿಗೆ ಯಾವುದೂ ಬೀಳಲಿಲ್ಲ. ಆ ಮಂಗಳವಾರ ಎಂಟು ಮಹಡಿಗಳಲ್ಲೂ ಬರಿಗಾಲಿಟ್ಟು ಸವರುತ್ತಿದ್ದವನಿಗೆ ಕೆಲಸ ಹೋದ ಪತ್ರ ಸಿಕ್ಕಿ ನಾಲ್ಕು ದಿನವಾಗಿತ್ತು. ಕೆಲಸ ಹೋದದ್ದು ಯಾರಿಂದ ಎಂಬುದು ತಿಳಿದೇ ಅವಳನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡಿದ್ದ.

ಮಾವ ಎರಡು ಬೀದಿಯಾಚೆಯ ಕಟ್ಟಡದಲ್ಲಿದ್ದ. ಅವಳು ಓಡಿಕೊಂಡೇ ಹೋದಳು. ಕೆಳಮಹಡಿಯಲ್ಲಿ ಲಿಫ್ಟಿನ ಬಾಗಿಲು ತೆರೆದಾಗ ಒಳಗೆ ಅವನೇ ನಿಂತಿದ್ದ, ಶೂ ಕಳಚಿಕೊಂಡು. ಅವಳ ಮುಖ ನೋಡಿದ್ದೇ ಅವನಿಗೆ ಎಲ್ಲ ತಿಳಿಯಿತು.

"ಯಾಕೆ ಹೇಳ್ಲಿಲ್ಲ ಮಾವ?" ಅವಳಿಗೆ ಅಳು ಉಕ್ಕಿ ಬಂತು. "ನಾನೇ ಮಾಡಿದ್ದು ಅಂತ ಗೊತ್ತಿದ್ದೂ, ಒಂದು ಮಾತು ಯಾಕೆ ಹೇಳ್ಲಿಲ್ಲ?"

ಅವನು ಗ್ರೀಸಿನ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಅವಳ ತಲೆ ಮುಟ್ಟಿದ.

"ಹೇಳಿದ್ರೆ ನೀನು ನನ್ನ ಉಳಿಸೋಕೆ ಅಂತ ಲೆಕ್ಕ ಹಾಕ್ತಿದ್ದೆ ಪುಟ್ಟಿ. ನನ್ನ ಕೆಲಸ ಹೋದ್ರೆ ಹೋಗ್ಲಿ, ನಿನ್ನ ಕೆಲಸ ಕೆಡೋದು ಬೇಡ ಅಂತ ಸುಮ್ಮನಿದ್ದೆ."