ನಲವತ್ತೆಂಟು ಕೆಜಿ

ತೊಡೆಮೂಳೆಗೆ ಹಾಕುವ ಸ್ಟೀಲ್ ಪ್ಲೇಟಿಗೆ ಹದಿನಾಲ್ಕು ಸಾವಿರ, ಸ್ಕ್ರೂಗಳಿಗೆ ಆರು, ಅರಿವಳಿಕೆ ಅನಿಲದ ಬಾಟಲಿಗೆ ಒಂಬತ್ತು. ಮೃಗಾಲಯದ ಆಸ್ಪತ್ರೆಯಲ್ಲಿ ಇದ್ದ ದುಡ್ಡು ಅಲ್ಲಿಗೇ ಮುಗಿಯಿತು. ಕೆಟ್ಟು ಕೂತ ತೂಕದ ಯಂತ್ರದ ರಿಪೇರಿಗೆ ಏನೂ ಮಿಗಲಿಲ್ಲ. ಅದಕ್ಕೆ ಯಾರೂ ತಲೆ ಕೆಡಿಸಿಕೊಳ್ಳಲೂ ಇಲ್ಲ. ಪ್ರಾಣಿಗಳನ್ನು ನೋಡಿಕೊಳ್ಳುವ ಅಣ್ಣ ಇದ್ದನಲ್ಲ! ಬೋನಿನ ಹೊರಗೆ ನಿಂತು ಒಮ್ಮೆ ಕಣ್ಣಾಡಿಸಿದರೆ ಸಾಕು, ಹುಲಿಯೋ ಸಿಂಹವೋ ಎಷ್ಟು ತೂಗುತ್ತದೆಂದು ಹೇಳಿಬಿಡುತ್ತಿದ್ದ. ಇಪ್ಪತ್ತಾರು ವರ್ಷಗಳಲ್ಲಿ ಎರಡು ಕೆಜಿಗಿಂತ ಹೆಚ್ಚು ತಪ್ಪಿದ್ದಿಲ್ಲ.

"ಎಷ್ಟು ಅಣ್ಣ?" ಅರಿವಳಿಕೆಯ ಡಾಕ್ಟರಮ್ಮ ಸಿರಿಂಜು ಹಿಡಿದು ಕೇಳಿದರು. ಮದ್ದಿನ ಅಳತೆಯೆಲ್ಲ ತೂಕದ ಮೇಲೆ.

ಬೋನಿನ ಮೂಲೆಯಲ್ಲಿ ಹೆಣ್ಣು ಚಿರತೆ ಮುರಿದ ಹಿಂಗಾಲು ಚಾಚಿ ಮುದುಡಿಕೊಂಡಿತ್ತು. ಅಟ್ಟಣೆಯಿಂದ ಜಾರಿಬಿದ್ದು ಹನ್ನೆರಡು ದಿನವಾಗಿತ್ತು. ತಾಯಿಯಿಲ್ಲದ ಮರಿಯಾಗಿ ಬಂದಾಗ ಬಾಟಲಿ ಹಾಲು ಕುಡಿಸಿ ಬೆಳೆಸಿದವನು ಅವನೇ.

"ನನ್ನ ಮಗಳಲ್ವಾ? ನಲವತ್ತೆಂಟು. ಒಂದು ಕೆಜಿ ಆಚೀಚೆ ಆದ್ರೆ ಕಿವಿ ಹಿಂಡಿ."

"ಆ ಭಾಗ್ಯ ನನಗಿನ್ನೂ ಸಿಕ್ಕಿಲ್ಲ ಬಿಡಿ," ಎಂದು ನಕ್ಕು ಡಾಕ್ಟರಮ್ಮ ನಲವತ್ತೆಂಟಕ್ಕೆ ಮದ್ದು ಎಳೆದರು.

ಊದುಕೊಳವೆಯ ಸೂಜಿ ಭುಜಕ್ಕೆ ನಾಟಿತು. ಹತ್ತು ನಿಮಿಷ ಬೇಕಾದಲ್ಲಿ ನಾಲ್ಕಕ್ಕೇ ತಲೆ ನೆಲಕ್ಕೊರಗಿತು. ನಾಲ್ವರು ದಪ್ಪ ಬಟ್ಟೆಯ ಮೇಲೆ ಹೊತ್ತು ಮೇಜಿಗೆ ತಂದರು.

"ಏನ್ರೀ ಇಷ್ಟು ಹಗುರ! ನನಗೇ ಶಕ್ತಿ ಬಂದಿರಬೇಕು," ಎಂದರು ಮೂಳೆ ಡಾಕ್ಟರು. ಎಲ್ಲರೂ ನಕ್ಕರು. ಗಂಟಲಿಗೆ ಕೊಳವೆ ಇಳಿಸಿ, ಕಣ್ಣಿಗೆ ಬಟ್ಟೆ, ಕಿವಿಗೆ ಹತ್ತಿ ಇಟ್ಟು ಕೆಲಸ ಶುರುಮಾಡಿದರು.

ಮುರಿದ ತುಂಡುಗಳನ್ನು ಕೂಡಿಸಿ ಮೂರನೇ ಸ್ಕ್ರೂ ಕೂರಿಸುವಷ್ಟರಲ್ಲಿ, ಕೊಳವೆಗೆ ಜೋಡಿಸಿದ್ದ ಉಸಿರಿನ ಚೀಲ ಅಲುಗಾಡುವುದು ನಿಂತಿತು. ಡಾಕ್ಟರಮ್ಮ ಹೊದಿಕೆಯ ಕೆಳಗೆ ಕೈ ತೂರಿಸಿದರು. ಪಕ್ಕೆಲುಬುಗಳ ಸಂದಿಗೆ ಬೆರಳು ಇಳಿಯಿತು.

"ಅಣ್ಣ, ಇದು ಮೂವತ್ತೈದೂ ಇಲ್ಲ."

ಅವನು ಮೇಜಿನ ಬಳಿಗೆ ಓಡಿಬಂದ.

"ಎಬ್ಬಿಸೋ ಮದ್ದು ಕೊಟ್ಟುಬಿಡಿ," ಎಂದರು ಮೂಳೆ ಡಾಕ್ಟರು.

"ತೊಡೆ ಬಿಚ್ಚಿಕೊಂಡು ಎದ್ದು ಕೂತ್ರೆ ನೀವು ಹಿಡ್ಕೋತೀರಾ? ನಿಮ್ಮ ಕೆಲಸ ಬೇಗ ಮುಗಿಸಿ." ಡಾಕ್ಟರಮ್ಮ ಅನಿಲ ನಿಲ್ಲಿಸಿ, ಚೀಲವನ್ನು ಕೈಯಲ್ಲೇ ಒತ್ತತೊಡಗಿದರು. "ಅಣ್ಣ, ಉಸಿರು ಎಣಿಸಿ."

ಅವನು ಎಣಿಸಿದ. ಮೊದಮೊದಲು ದನಿ ನಡುಗುತ್ತಿತ್ತು, ಆಮೇಲೆ ಹದಕ್ಕೆ ಬಂತು. ಯಂತ್ರವೊಂದೂ ಇಲ್ಲದ ಕಾಲದಲ್ಲಿ ಅವನೂ ಡಾಕ್ಟರಮ್ಮನೂ ಹೀಗೆಯೇ ಕೂರುತ್ತಿದ್ದರು. ಆಗ ಇದ್ದದ್ದು ತಗಡಿನ ಶೆಡ್ಡು, ಒಂದು ಟಾರ್ಚು, ಪ್ರಾಣಿಯ ಮೂಗಿನ ಮುಂದೆ ಹತ್ತಿಯ ಎಳೆ. ಎಳೆ ಅಲುಗಿದಾಗೆಲ್ಲ ಅವನು ಒಂದು, ಎರಡು ಎನ್ನುತ್ತಿದ್ದ. ಕೆಲಸಕ್ಕೆ ಹೊಸದಾಗಿ ಸೇರಿದ್ದ ಡಾಕ್ಟರಮ್ಮನಿಗೆ ಆಗ ಪುಸ್ತಕಕ್ಕಿಂತ ಆ ದನಿಯ ಮೇಲೆ ಹೆಚ್ಚು ನಂಬಿಕೆ. ಕೆಲಸ ಮುಗಿದ ಮೇಲೆ ಒಂದೇ ಲೋಟದ ಚಹಾವನ್ನು ಹಂಚಿಕೊಂಡು ಕುಡಿದದ್ದೂ ಉಂಟು.

"ಬಿದ್ದಾಗಿಂದ ಮಾಂಸ ಮುಟ್ಟದೆ ಸೊರಗಿದ ಇವಳು ನನ್ನ ಕಣ್ಣಿಗೆ ಬೀಳಲೇ ಇಲ್ಲ ಡಾಕ್ಟ್ರಮ್ಮ," ಎಂದ ಅವನು, ಎಣಿಕೆಯ ನಡುವೆ. "ಒಂದೇ ನೆಗೆತಕ್ಕೆ ಅಟ್ಟಣೆ ಹತ್ತಿ ಕೂರ್ತಿದ್ದಳಲ್ಲ, ಅವಳೇ ಕಾಣಿಸಿದ್ದು."

"ಎಣಿಕೆ ತಪ್ಪಿಸಬೇಡಿ." ಚೀಲ ಒತ್ತುತ್ತಲೇ ಅವರು ಮೆಲ್ಲಗೆ ಹೇಳಿದರು, "ನನಗೂ ಕಣ್ಣಿತ್ತಲ್ಲ ಅಣ್ಣ. ಎಣಿಸಿ."

ಒಂದು ಗಂಟೆ ಹತ್ತು ನಿಮಿಷ ಚೀಲ ಒತ್ತಿದರು. ಹೊಲಿಗೆ ಮುಗಿದು, ಚೀಲ ಒತ್ತುತ್ತಲೇ ಬೋನಿಗೆ ಸಾಗಿಸಿ, ಎಬ್ಬಿಸುವ ಮದ್ದು ಕೊಟ್ಟ ಮೇಲೆ ಚಿರತೆಯ ಕಿವಿ ಅದುರಿತು. ಅದು ತಾನೇ ಉಸಿರೆಳೆದುಕೊಂಡಿತು. ಅವನು ಸರಳಿಗೆ ಹಣೆಯಿಟ್ಟು ಇನ್ನೂ ಎಣಿಸುತ್ತಲೇ ಇದ್ದ.

ಎರಡು ತಿಂಗಳಿಗೆ ಅದು ನಾಲ್ಕೂ ಕಾಲೂರಿ ನಡೆಯಿತು, ತುಸು ಕುಂಟುತ್ತಾ. ಅಷ್ಟರಲ್ಲಿ ಮುಂಗಾಲು ಮುರಿದ ಸಿಂಹವೊಂದು ಬಂತು. ಡಾಕ್ಟರಮ್ಮ ಬೋನಿನ ಮುಂದೆ ನಿಂತು ಪಕ್ಕಕ್ಕೆ ತಿರುಗಿದರು. ಅವನು ನೆಲ ನೋಡುತ್ತಿದ್ದ.

ಸಿಂಹವನ್ನು ಬೋನಿನ ಸಮೇತ ಲಾರಿಗೇರಿಸಿ, ಗುಜರಿಯವರ ಲಾರಿ ತೂಗುವ ವೇಬ್ರಿಡ್ಜ್‌ಗೆ ಒಯ್ದರು. ಡಾಕ್ಟರಮ್ಮ ಡ್ರೈವರನ ಪಕ್ಕ ಕೂತರು. ಅವನು ಹಿಂದೆ, ಬೋನಿಗೆ ಬೆನ್ನು ಮಾಡಿ ಕೂತ. ಚಿರತೆಯ ಕಾಲು ಉಳಿದಿತ್ತು. ಅವನನ್ನು ತೂಕ ಕೇಳುವುದು ನಿಂತುಹೋಯಿತು.