ಕೇಳದ ಹುಡುಗಿಯೂ ನಾನೂ

ಸೀಟಿ ಅಂದರೆ ನಾನೇ. ಗಾತ್ರ ನೋಡಿ ನಗಬೇಡಿ. ಹಿತ್ತಾಳೆ ಮೈ, ಅದರ ಮೇಲೆ ಬೆಳ್ಳಿ ಬಣ್ಣದ ಲೇಪ, ಊದಲು ಒಂದು ಮೂತಿ, ಬಾಲದಲ್ಲಿ ದಾರ ಕಟ್ಟಲು ಒಂದು ಬಳೆ. ಇಷ್ಟೇ ನನ್ನ ಆಸ್ತಿ. ಉತ್ತರದ ಕಡೆ ಯಾವುದೋ ಊರಿನ ಕಾರ್ಖಾನೆಯಲ್ಲಿ ತಗಡು ಬಗ್ಗಿಸಿ, ಬೆಸುಗೆ ಹಾಕಿ, ಅಣ್ಣತಮ್ಮಂದಿರ ಜೊತೆ ರಟ್ಟಿನ ಡಬ್ಬಕ್ಕೆ ತುಂಬಿದರು. ತುಂಬುವ ಮುಂಚೆ ಒಬ್ಬಾತ ಒಂದೊಂದನ್ನೂ ಊದಿ ನೋಡುತ್ತಿದ್ದ. ನನ್ನನ್ನು ಊದಿದಾಗ ಪಕ್ಕದವನು ಎರಡೂ ಕಿವಿ ಮುಚ್ಚಿಕೊಂಡ. ಅವತ್ತಿನಿಂದ ನನಗೆ ಸ್ವಲ್ಪ ಜಂಬ ಜಾಸ್ತಿ.

ಮೊದಲು ಸೇರಿದ್ದು ಮಂಡ್ಯದ ಟ್ರಾಫಿಕ್ ಕಾನ್‌ಸ್ಟೇಬಲ್ ಕರಿಗೌಡರ ಜೇಬು. ನಾನು ಕೂಗಿದರೆ ಲಾರಿ ನಿಲ್ಲುತ್ತಿತ್ತು, ಬಸ್ಸು ನಿಲ್ಲುತ್ತಿತ್ತು. ಎತ್ತಿನ ಗಾಡಿ ಮಾತ್ರ ಅದರ ಪಾಡಿಗೆ ಹೋಗುತ್ತಿತ್ತು. ಎತ್ತಿಗೇನು ಗೊತ್ತಾಗುತ್ತೆ ಬಿಡಿ ಅಂತ ನಾನೇ ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಕರಿಗೌಡರಿಗೆ ಸ್ಟೇಷನ್ ಒಳಗಿನ ಕೆಲಸ ಸಿಕ್ಕಿದ ಮೇಲೆ ನನ್ನನ್ನು ತಂಗಿಯ ಗಂಡನ ಕೈಗಿಟ್ಟರು. “ತಗೊಳಪ್ಪ ಲಿಂಗಯ್ಯ, ನಿನ್ನ ಕಪಿಸೈನ್ಯ ಕಾಯೋಕೆ ಬೇಕಾಗುತ್ತೆ” ಅಂದರು.

ಲಿಂಗಯ್ಯ ಹೊಸಕೆರೆ ಅನ್ನುವ ಸಣ್ಣ ಊರಲ್ಲಿ ಹೈಸ್ಕೂಲಿನ ಡ್ರಿಲ್ ಮೇಷ್ಟ್ರು. ಬೆಳಿಗ್ಗೆ ಸಂಜೆ ಊರ ಮಕ್ಕಳಿಗೆ ಬ್ಯಾಸ್ಕೆಟ್‌ಬಾಲ್ ಹೇಳಿಕೊಡುವುದು ಅವರ ಹುಚ್ಚು. ಸಂಬಳವಿಲ್ಲ, ಸನ್ಮಾನವಿಲ್ಲ. ಕೆರೆ ಏರಿಯ ಕೆಳಗೆ ಒಂದು ಸಿಮೆಂಟು ಅಂಗಳ, ಎರಡು ಕಬ್ಬಿಣದ ಕಂಬ, ಬಲೆ ಹರಿದುಹೋದ ಎರಡು ಬಳೆ, ಎಲ್ಲರಿಗೂ ಸೇರಿ ಒಂದೇ ಚೆಂಡು. ಅರ್ಧ ಜನಕ್ಕೆ ಶೂ ಇರಲಿಲ್ಲ. ಹುಡುಗಿಯರ ತಂಡ ಕಟ್ಟಬೇಕಾದರಂತೂ ಮೇಷ್ಟ್ರು ಮನೆ ಮನೆಗೆ ಹೋಗಿ ಕಾಫಿ ಕುಡಿದು, ಅಜ್ಜಿಯರ ಮಂಡಿನೋವಿನ ಕಥೆ ಕೇಳಿ, ಕೊನೆಗೆ “ಸಂಜೆ ದೀಪ ಹಚ್ಚೋ ಹೊತ್ತಿಗೆ ಮನೆ ಸೇರಿಸ್ತೀನಿ” ಅಂತ ಮಾತು ಕೊಟ್ಟು ಬರುತ್ತಿದ್ದರು. ನಾನು ಅವರ ಎದೆಯ ಮೇಲೆ ತೂಗಾಡಿಕೊಂಡು ಎಲ್ಲ ಕೇಳುತ್ತಿದ್ದೆ. ಎಂಥ ತಾಳ್ಮೆಯಪ್ಪಾ ಈ ಮನುಷ್ಯನಿಗೆ ಅನ್ನಿಸುತ್ತಿತ್ತು.

ಮೇಷ್ಟ್ರ ದನಿ ಬಾವಿಯೊಳಗಿಂದ ಬಂದ ಹಾಗೆ ದಪ್ಪ. ಬೈಯುವುದು ಅವರ ಜಾಯಮಾನವಲ್ಲ. ಸಿಟ್ಟು ಬಂದರೆ ನನ್ನನ್ನು ಬಾಯಿಗಿಟ್ಟು ಊದಿಬಿಡುವುದು, ಅಷ್ಟೇ. ಊದಿದರೆ ಸಾಕು, ಇಡೀ ಅಂಗಳ ಗಪ್‌ಚಿಪ್. ಹಾರಿದವಳು ಇಳಿದಲ್ಲೇ ನಿಲ್ಲುತ್ತಿದ್ದಳು. ಕ್ಯಾಪ್ಟನ್ ಹೇಮಲತ ಅನ್ನುವ ವಾಚಾಳಿ ಕೂಡ ಬಾಯಿ ಮುಚ್ಚುತ್ತಿದ್ದಳು. ಅದಕ್ಕಿಂತ ಹೆಚ್ಚಿನ ಸುಖ ನನಗೆ ಬೇಕಿರಲಿಲ್ಲ.

ಆಗ ಬಂದಳು ಸುಕನ್ಯ. ಬಸ್‌ಸ್ಟ್ಯಾಂಡ್ ಹತ್ತಿರ ಸೈಕಲ್ ರಿಪೇರಿ ಅಂಗಡಿ ಇಟ್ಟಿದ್ದ ದ್ಯಾವಣ್ಣನ ಮಗಳು. ಉದ್ದನೆ ಕೈಕಾಲು, ಕಡಿಮೆ ಮಾತು. ಎದುರಿಗೆ ನಿಂತು ಮಾತಾಡುವವರ ಮುಖವನ್ನೇ ದಿಟ್ಟಿಸಿ ನೋಡುತ್ತಿದ್ದಳು. ಯಾರ ಕೈಯಿಂದ ಚೆಂಡು ಯಾವಾಗ ಕಿತ್ತಳು ಅಂತ ಕಿತ್ತುಕೊಂಡ ಮೇಲೆಯೇ ಗೊತ್ತಾಗುತ್ತಿತ್ತು. ಮೇಷ್ಟ್ರ ಕಣ್ಣು ಅರಳಿತು. “ಈ ಹುಡುಗಿ ಆಡ್ತಾಳೆ ಕಣೇ” ಅಂತ ಮನೆಯಲ್ಲಿ ಹೆಂಡತಿಗೆ ಹೇಳಿದರು.

ಒಂದೇ ತೊಂದರೆ. ನಾನು ಕೂಗಿದರೆ ಅವಳು ನಿಲ್ಲುತ್ತಿರಲಿಲ್ಲ.

ಎಲ್ಲರೂ ನಿಂತಿರುತ್ತಿದ್ದರು; ಇವಳೊಬ್ಬಳು ಚೆಂಡು ಬಡಿಯುತ್ತಾ ಹೋಗಿ ಬುಟ್ಟಿಗೆ ಹಾಕಿ, ಆಮೇಲೆ ಹಿಂದಿರುಗಿ ನೋಡಿ ನಗುತ್ತಿದ್ದಳು. ನನಗೆ ಮೈಯೆಲ್ಲ ಉರಿಯಿತು. ಎತ್ತುಗಳಾದ ಮೇಲೆ ನನಗೆ ಹೀಗೆ ಅವಮಾನ ಮಾಡಿದವರು ಯಾರೂ ಇರಲಿಲ್ಲ. ಧಿಮಾಕು ಅಂದುಕೊಂಡೆ. ಮೇಷ್ಟ್ರೂ ಹಾಗೇ ಅಂದುಕೊಂಡರು. ಅಂಗಳದ ಸುತ್ತ ಓಡಿಸಿದರು. ಓಡಿದಳು. ಒಂದು ವಾರ ಬೆಂಚಿನ ಮೇಲೆ ಕೂರಿಸಿದರು. ಕೂತಳು. ಮತ್ತೆ ಆಟಕ್ಕೆ ಬಿಟ್ಟ ದಿನವೇ ಮತ್ತದೇ ಕಥೆ.

ಮೇಷ್ಟ್ರ ತಾಳ್ಮೆ ಅವತ್ತು ಮುಗಿಯಿತು. ಎಲ್ಲರ ಎದುರಿಗೆ ಅವಳನ್ನು ನಿಲ್ಲಿಸಿಕೊಂಡರು.

“ವಿಷಲ್ ಕೇಳಾಕಿಲ್ವಾ ನೀನು?”

ಸುಕನ್ಯ ನೆಲ ನೋಡಿದಳು. ಆಮೇಲೆ ಮೆಲ್ಲಗೆ ಹೇಳಿದಳು: “ಕೇಳಾಕಿಲ್ಲ ಸಾರ್.”

ಹುಡುಗಿಯರು ಕಿಸಕ್ಕನೆ ನಕ್ಕರು. ಮೇಷ್ಟ್ರ ಮುಖ ಕೆಂಪಾಯಿತು.

“ಕೇಳಾಕಿಲ್ಲ ಅಂದ್ರೆ ನಾಳೆಯಿಂದ ಬರಬ್ಯಾಡ.”

ಅವಳು ಚೆಂಡನ್ನು ಹೇಮಲತನ ಕೈಗೆ ಕೊಟ್ಟು ಹೋದಳು. ಅಂಗಳ ದಾಟುವವರೆಗೂ ತಲೆ ಎತ್ತಲಿಲ್ಲ. ಮಾರನೆ ದಿನ ಬರಲಿಲ್ಲ, ಅದರ ಮಾರನೆ ದಿನವೂ ಇಲ್ಲ.

ಆ ವಾರವೆಲ್ಲ ಮೇಷ್ಟ್ರಿಗೆ ಯಾವುದೂ ರುಚಿಸಲಿಲ್ಲ. ಸುಮ್ಮಸುಮ್ಮನೆ ನನ್ನನ್ನು ಬಾಯಿಗಿಟ್ಟು, ಊದದೆ ತೆಗೆಯುತ್ತಿದ್ದರು. ಕೊನೆಗೆ ಸೈಕಲ್ ಟ್ಯೂಬಿನ ನೆಪ ಮಾಡಿಕೊಂಡು ದ್ಯಾವಣ್ಣನ ಅಂಗಡಿಗೆ ಹೋದರು. ದ್ಯಾವಣ್ಣ ನೀರಿನ ಬಾಣಲೆಯಲ್ಲಿ ಟ್ಯೂಬು ಮುಳುಗಿಸಿಕೊಂಡು ಕೂತಿದ್ದ. ಸುಕನ್ಯ ಒಳಗೆ ಬೆನ್ನು ತಿರುಗಿಸಿ ಕೂತು ಚಕ್ರದ ಕಡ್ಡಿ ಬಿಗಿ ಮಾಡುತ್ತಿದ್ದಳು. ಮೇಷ್ಟ್ರಿಗೆ ಅದೇನು ಹೊಳೆಯಿತೋ, ತಮಾಷೆಗೋ ಸಿಟ್ಟಿಗೋ, ಅವಳ ಬೆನ್ನ ಹಿಂದೆಯೇ ನಿಂತು ನನ್ನನ್ನು ಜೋರಾಗಿ ಊದಿಬಿಟ್ಟರು.

ದ್ಯಾವಣ್ಣ ಬೆಚ್ಚಿಬಿದ್ದ. ಬೀದಿಯಲ್ಲಿ ಹೋಗುತ್ತಿದ್ದವರು ತಿರುಗಿ ನೋಡಿದರು. ಮಲಗಿದ್ದ ನಾಯಿ ಎದ್ದು ನಿಂತಿತು. ಸುಕನ್ಯ ಕಡ್ಡಿ ಬಿಗಿ ಮಾಡುತ್ತಲೇ ಇದ್ದಳು. ಹೆಗಲೂ ಅಲುಗಲಿಲ್ಲ.

ಮೇಷ್ಟ್ರು ನನ್ನನ್ನು ಬಾಯಿಂದ ತೆಗೆದರು. ತಮ್ಮ ದಪ್ಪ ದನಿಯಲ್ಲಿ, ಮಾಮೂಲಾಗಿ, “ಸುಕನ್ಯ” ಅಂದರು.

ಅವಳು ತಟ್ಟನೆ ತಿರುಗಿದಳು. “ಏನ್ ಸಾರ್? ಯಾವಾಗ ಬಂದ್ರಿ?”

ಮೇಷ್ಟ್ರು ಅಲ್ಲೇ ಇದ್ದ ಸ್ಟೂಲಿನ ಮೇಲೆ ಕೂತುಬಿಟ್ಟರು. ಅವಳು ಅವತ್ತು ಹೇಳಿದ ‘ಕೇಳಾಕಿಲ್ಲ’ ಏನೆಂದು ಅವರಿಗೂ ನನಗೂ ಆ ಕ್ಷಣಕ್ಕೆ ಅರ್ಥವಾಯಿತು. ಹುಡುಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದಳು. ನಾವಿಬ್ಬರೂ ಅದನ್ನು ಕೊಬ್ಬು ಅಂತ ತಿಳಿದಿದ್ದೆವು.

ದ್ಯಾವಣ್ಣ ಮಗಳನ್ನು ನೀರು ತರಲು ಕಳಿಸಿ ಮೇಷ್ಟ್ರ ಹತ್ತಿರ ಬಂದ. ಕೈ ಒದ್ದೆಯಾಗಿತ್ತು.

“ಅವ್ಳು ಕಿವುಡಿ ಅಲ್ಲ ಮೇಷ್ಟ್ರೆ. ಚಿಕ್ಕೋಳಿದ್ದಾಗ ಜ್ವರ ಬಂದಿತ್ತು. ಮಾತು ಕೇಳ್ಸುತ್ತೆ, ಚೆಂಡಿನ ಸದ್ದು ಕೇಳ್ಸುತ್ತೆ. ಕೀರಲು ಸದ್ದು ಮಾತ್ರ ಕೇಳ್ಸಾಕಿಲ್ಲ. ಸೈಕಲ್ ಬೆಲ್ಲು, ಗುಬ್ಬಿ, ಅಂಥಾವು.”

“ಮೊದ್ಲೇ ಹೇಳೋದಲ್ವಾ ದ್ಯಾವಣ್ಣ?”

“ಹೇಳಿದ್ರೆ ಕೆಪ್ಪಿ ಅಂತಾರೆ. ನಮ್ಮವ್ವನ್ನ ಸಾಯೋಗಂಟ ಕೆಪ್ಪವ್ವ ಅಂತ್ಲೇ ಕರುದ್ರು. ಅವ್ಳ ನಿಜವಾದ ಹೆಸ್ರು ಊರಲ್ಲಿ ಒಬ್ಬರ್ಗೂ ಗೊತ್ತಿರ್ನಿಲ್ಲ. ನನ್ ಮಗಳಿಗೆ ಆ ಗತಿ ಬ್ಯಾಡ. ಅವ್ಳಿಗೆ ಆಟ ಅಂದ್ರೆ ಪ್ರಾಣ, ನಂಗೊತ್ತು. ಕಳಿಸ್ತೀನಿ. ಆದ್ರೆ ಒಬ್ರ ಬಾಯಲ್ಲಿ ಆ ಮಾತು ಬಂದ ದಿನ ಅವ್ಳು ಅಂಗಳಕ್ಕೆ ಕಾಲಿಡಾಕಿಲ್ಲ.”

ಮೇಷ್ಟ್ರು ಒಪ್ಪಿದರು.

ಮಾರನೆ ಬೆಳಿಗ್ಗೆ ಹೊಸ ಕಟ್ಟಳೆ ಬಂತು. “ಇವತ್ತಿಂದ ವಿಷಲ್ ಊದಿದ ತಕ್ಷಣ ಎಲ್ರೂ ಬಲಗೈ ಮೇಲಕ್ಕೆತ್ತಿ ನಿಲ್ಬೇಕು. ಇದು ನಮ್ ಕ್ಲಬ್ಬಿನ ಪದ್ಧತಿ” ಅಂದರು ಮೇಷ್ಟ್ರು. ಹೇಮಲತ “ಇದೇನು ಸಾರ್, ಹಾಜರಿ ಕೂಗೋ ಥರ” ಅಂತ ಗೊಣಗಿದಳು. ಆದರೆ ಕಟ್ಟಳೆ ಕೆಲಸ ಮಾಡಿತು. ನಾನು ಕೂಗುತ್ತಿದ್ದೆ, ಕೈಗಳು ಮೇಲೇಳುತ್ತಿದ್ದವು, ಸುಕನ್ಯ ಕಣ್ಣಂಚಲ್ಲೇ ನೋಡಿ ಗಕ್ಕನೆ ನಿಂತು ತಾನೂ ಕೈ ಎತ್ತುತ್ತಿದ್ದಳು. ಯಾರಿಗೂ ಅನುಮಾನ ಬರಲಿಲ್ಲ. ನನಗೆ ಮಾತ್ರ ಆ ಕೈಗಳ ಮೇಲೆ ಹೊಟ್ಟೆಕಿಚ್ಚು. ಅವಳು ನಿಲ್ಲುತ್ತಿದ್ದದ್ದು ಅವುಗಳಿಗೆ, ನನಗಲ್ಲ.

ಆ ವರ್ಷ ನಮ್ಮ ಹುಡುಗಿಯರು ಆಡಿದ ಆಟ ಬೇರೆಯೇ. ಮೈಸೂರಿನ ಒಂದು ಪಂದ್ಯಾವಳಿಯಲ್ಲಿ ಸೆಮಿಫೈನಲ್‌ವರೆಗೆ ಹೋದರು. ಆ ಪಂದ್ಯ ನೋಡಲು ದ್ಯಾವಣ್ಣನೂ ಅಂಗಡಿ ಮುಚ್ಚಿ ಬಂದು ಗ್ಯಾಲರಿಯ ಮೆಟ್ಟಿಲ ಮೇಲೆ ಕೂತಿದ್ದ. ಪಂದ್ಯದಲ್ಲಿ ಊದುವುದು ರೆಫರಿಯ ಸೀಟಿ. ನನಗೆ ಮೇಷ್ಟ್ರ ಕೊರಳಲ್ಲಿ ನೇತಾಡುವುದಷ್ಟೇ ಕೆಲಸ.

ಹಿಂದಿನ ಪಂದ್ಯಗಳ ರೆಫರಿಗಳು ನಮ್ಮ ಪದ್ಧತಿ ನೋಡಿ ನಕ್ಕು ಸುಮ್ಮನಾಗಿದ್ದರು. ಈತ ಹಾಗಲ್ಲ. ಆ ಕಾಲದಲ್ಲಿ ಫೌಲ್ ಮಾಡಿದ ಆಟಗಾರ ತಾನೇ ಕೈ ಎತ್ತಿ ಒಪ್ಪಿಕೊಳ್ಳುವ ರೂಢಿ ಇತ್ತು. ಈತ ಸೀಟಿ ಊದಿದ; ನಮ್ಮ ಐದೂ ಜನ ಕೈ ಎತ್ತಿ ನಿಂತರು. ಫೌಲ್ ಮಾಡಿದ್ದು ಎದುರು ತಂಡದವಳು. ನೋಡುತ್ತಿದ್ದವರು ಗೊಳ್ಳೆಂದು ನಕ್ಕರು. ತನ್ನನ್ನು ಲೇವಡಿ ಮಾಡುತ್ತಿದ್ದಾರೆ ಅಂತ ರೆಫರಿಗೆ ಅನ್ನಿಸಿತು. ಮೇಷ್ಟ್ರನ್ನು ಕರೆದ.

“ಏನ್ರೀ ಇದು ನಾಟಕ?”

“ನಮ್ ಕ್ಲಬ್ಬಿನ ಪದ್ಧತಿ ಸಾರ್.”

“ಪದ್ಧತಿ ನಿಮ್ಮೂರಲ್ಲಿ ಇಟ್ಕೊಳ್ಳಿ. ಇನ್ನೊಂದ್ಸಲ ಎತ್ತಿದ್ರೆ ಎತ್ತಿದವರನ್ನ ಹೊರಗೆ ಕಳಿಸ್ತೀನಿ.”

ಮೇಷ್ಟ್ರು ಬಾಯಿ ತೆರೆದರು. ಮೆಟ್ಟಿಲ ಮೇಲಿದ್ದ ದ್ಯಾವಣ್ಣನ ಕಡೆ ನೋಡಿದರು. ಬಾಯಿ ಮುಚ್ಚಿಕೊಂಡರು. ಟೈಮ್‌ಔಟ್ ತೆಗೆದುಕೊಂಡು ಹುಡುಗಿಯರಿಗೆ ಕೈ ಎತ್ತಬೇಡಿ ಅಂದರು. “ಹಂಗಾದ್ರೆ ಇಷ್ಟು ದಿನ ಯಾಕೆ ಎತ್ತಿಸಿದ್ರಿ ಸಾರ್?” ಅಂತ ಹೇಮಲತ ಕೇಳಿದಳು. ಮೇಷ್ಟ್ರು ನೀರಿನ ಬಾಟಲಿ ಕೊಟ್ಟು ಮಾತು ಮರೆಸಿದರು. ಅವರ ಎದೆ ಹೊಡೆದುಕೊಳ್ಳುವುದು ನನಗೆ ತಿಳಿಯುತ್ತಿತ್ತು.

ಆಟ ಮುಂದುವರಿಯಿತು. ಸೀಟಿ ಕೂಗಿತು, ಎಲ್ಲರೂ ನಿಂತರು, ಕೈಗಳಿಲ್ಲ. ಸುಕನ್ಯ ಎದುರಾಳಿಯ ಕೈಯಿಂದ ಚೆಂಡು ಕಿತ್ತುಕೊಂಡು ಓಡಿ ಬುಟ್ಟಿಗೆ ಹಾಕಿದಳು. ರೆಫರಿ ಎಚ್ಚರಿಕೆ ಕೊಟ್ಟ. ಸ್ವಲ್ಪ ಹೊತ್ತಿಗೆ ಮತ್ತೆ ಹಾಗೇ ಆಯಿತು. ಈ ಸಲ ಆತ ಅವಳ ಎದುರಿಗೇ ಬಂದು ನಿಂತ.

“ಏನಮ್ಮಾ, ಕೇಳಲ್ವಾ ನೀನು?”

ಅದೇ ಮಾತು. ಮೇಷ್ಟ್ರು ಬೆಂಚಿನಿಂದ ಎದ್ದರು, ಅವಳನ್ನು ಹೊರಗೆ ಕರೆಸಿಕೊಳ್ಳಲು. ಆಡದಿದ್ದರೂ ಪರವಾಗಿಲ್ಲ, ಗುಟ್ಟು ಉಳಿಯಲಿ ಅಂತ. ಸುಕನ್ಯ ಅವರ ಕಡೆ ನೋಡಿ ಬೇಡ ಅನ್ನುವಂತೆ ತಲೆಯಾಡಿಸಿದಳು. ಆಮೇಲೆ ರೆಫರಿಯ ಮುಖ ನೋಡಿ ಎಲ್ಲರಿಗೂ ಕೇಳುವ ಹಾಗೆ ಹೇಳಿದಳು.

“ಕೇಳಲ್ಲ ಅಂತಲ್ಲ ಸಾರ್. ಕೇಳ್ಸಲ್ಲ. ನಿಮ್ ಮಾತು ಕೇಳ್ಸುತ್ತೆ, ವಿಷಲ್ ಕೇಳ್ಸಲ್ಲ. ಇವ್ರು ಕೈ ಎತ್ತಿದ್ರೆ ನಂಗೆ ಗೊತ್ತಾಗುತ್ತೆ.”

ರೆಫರಿ ಬೆಂಚಿನ ಕಡೆ ತಿರುಗಿ ಮೇಷ್ಟ್ರ ಮುಖ ನೋಡಿದ. ಹೇಮಲತ “ಅಯ್ಯೋ ನಮ್ಮವ್ವಾ” ಅಂದಳು, ಇಷ್ಟು ದಿನದ ಕೈಯೆತ್ತುವ ಕಥೆ ಅವಳಿಗೆ ಈಗ ಹೊಳೆದಿತ್ತು. ಗ್ಯಾಲರಿಯಿಂದ ಯಾವನೋ “ಕೆಪ್ಪಿ” ಅಂದ. ಗಂಡಸಿನ ದಪ್ಪ ದನಿ. ಸುಕನ್ಯನಿಗೆ ಅದು ಸ್ಪಷ್ಟವಾಗಿ ಕೇಳಿಸಿತು. ಹೇಮಲತ ಅವನ ಕಡೆ ನುಗ್ಗಲು ಹೊರಟಾಗ ಸುಕನ್ಯ ಅವಳ ಭುಜ ಹಿಡಿದು ನಿಲ್ಲಿಸಿದಳು. “ಆಡೋಣ ಬಾ” ಅಂದಳು.

ರೆಫರಿ ನಮ್ಮ ಹುಡುಗಿಯರ ಕಡೆ ತಿರುಗಿದ. “ಎತ್ರಮ್ಮಾ, ಕೈ ಎತ್ತಿ. ಯಾರು ಬೇಡ ಅಂದಿದ್ದು” ಅಂದ, ತಾನೇ ಬೇಡ ಅಂದಿದ್ದನ್ನು ಮರೆತವನಂತೆ. ಅಲ್ಲಿಂದಾಚೆ ಐದು ಕೈ ಎದ್ದವು. ಎದುರು ತಂಡದ ಒಬ್ಬಳು ಗಡಿಬಿಡಿಯಲ್ಲಿ ತಾನೂ ಎತ್ತಿ ತನ್ನ ಕೋಚಿನ ಕೈಲಿ ಬೈಸಿಕೊಂಡಳು. ಪಂದ್ಯ ನಾವು ಸೋತೆವು. ಚೆನ್ನಾಗಿಯೇ ಸೋತೆವು.

ವಾಪಸು ಬಸ್ಸಿನಲ್ಲಿ ದ್ಯಾವಣ್ಣ ಮೇಷ್ಟ್ರ ಪಕ್ಕ ಕೂತ. ಬಸ್ಸು ಶ್ರೀರಂಗಪಟ್ಟಣ ದಾಟಿತು. ಆ ಮಾತು ಬಂದ ದಿನ ಮಗಳು ಅಂಗಳಕ್ಕೆ ಕಾಲಿಡುವುದಿಲ್ಲ ಅಂದವನು ಅವನು. ಆ ಮಾತು ಬಂದಾಗಿತ್ತು, ಅದೂ ಅವನ ಕಿವಿಯೆದುರೇ. ಮೇಷ್ಟ್ರು ನನ್ನನ್ನು ಮುಷ್ಟಿಯಲ್ಲಿ ಎಷ್ಟು ಬಿಗಿಯಾಗಿ ಹಿಡಿದಿದ್ದರೆಂದರೆ ನಾನು ಬೆವರಿನಲ್ಲಿ ನೆಂದುಹೋದೆ.

“ಮೇಷ್ಟ್ರೆ, ನಾಳೆ ಪ್ರಾಕ್ಟೀಸು ಐತಾ?”

“ಐತೆ ದ್ಯಾವಣ್ಣ.”

“ಎಷ್ಟೊತ್ಗೆ?”

“ಆರಕ್ಕೆ.”

“ನಾನೇ ಕರ್ಕೊಂಡ್ ಬತ್ತೀನಿ.”

ಅಷ್ಟು ಹೇಳಿ ಅವನು ಕಿಟಕಿ ಕಡೆ ತಿರುಗಿದ. ಮೇಷ್ಟ್ರು ಟವೆಲ್ಲಿನಿಂದ ಮುಖ ಒರೆಸಿಕೊಂಡರು. ನನಗೂ ಅಳು ಬಂದಿತ್ತು, ಆದರೆ ನನಗೆ ಊದಿದರೆ ಮಾತ್ರ ದನಿ ತಾನೇ.

ಆಮೇಲೆ ಬಹಳ ಮಕ್ಕಳು ಬಂದರು, ಹೋದರು. ಮೇಷ್ಟ್ರು ರಿಟೈರಾದರು. ಅಂಗಳಕ್ಕೆ ಬಂದ ಹೊಸ ಕೋಚಿನ ಬಳಿ ಪ್ಲಾಸ್ಟಿಕ್ಕಿನ ಕೆಂಪು ಸೀಟಿ ಇದೆಯಂತೆ. ಇರಲಿ ಪಾಪ. ನಾನೀಗ ಮೇಷ್ಟ್ರ ಮನೆಯ ಮೇಜಿನ ಡ್ರಾಯರಿನಲ್ಲಿ, ಕೆಮ್ಮಿನ ಮಾತ್ರೆಗಳ ಜೊತೆ ಇದ್ದೇನೆ. ಲೇಪ ಉದುರಿದೆ. ಹೊಟ್ಟೆಯೊಳಗೆ ಉರುಳಾಡಿ ದನಿ ಕೊಡುತ್ತಿದ್ದ ಬೆಂಡಿನ ಗುಂಡು ಒಣಗಿ ಒಂದು ಮೂಲೆಗೆ ಅಂಟಿಕೊಂಡಿದೆ.

ಮೊನ್ನೆ ಸುಕನ್ಯ ಬಂದಿದ್ದಳು. ಈಗ ಅಪ್ಪನ ಅಂಗಡಿ ಅವಳದೇ. ಕೂದಲಲ್ಲಿ ಒಂದೆರಡು ಬಿಳಿ ಎಳೆ, ಕಿವಿಯಲ್ಲಿ ಹೊಸ ಯಂತ್ರ. ಹಾಕಿಸಿಕೊಂಡು ಎರಡು ದಿನ ಆಗಿತ್ತಷ್ಟೇ. ಗುಬ್ಬಿ ಇಷ್ಟೊಂದು ಗಲಾಟೆ ಮಾಡುತ್ತದೆ ಅಂತ ಗೊತ್ತೇ ಇರಲಿಲ್ಲ ಸಾರ್ ಅಂದಳು. ಕಾಫಿ ಕುಡಿದು ಲೋಟ ಕೆಳಗಿಟ್ಟು, “ವಿಷಲ್ ಇದೆಯಾ ಸಾರ್?” ಅಂತ ವಿಚಾರಿಸಿದಳು. “ಒಂದ್ಸಲ ಊದಿ.”

ಮೇಷ್ಟ್ರು ಡ್ರಾಯರ್ ಎಳೆದು ನನ್ನನ್ನು ತೆಗೆದರು, ಪಂಚೆಯ ಅಂಚಿಗೆ ಒರೆಸಿದರು. ನಾನು ನನ್ನಲ್ಲಿದ್ದ ಪ್ರಾಣವನ್ನೆಲ್ಲ ಒಟ್ಟು ಮಾಡಿಕೊಂಡೆ. ಜೀವಮಾನದಲ್ಲಿ ಯಾರಿಗಾದರೂ ಕೇಳಿಸಬೇಕು ಅಂತ ನಾನು ಆಸೆಪಟ್ಟಿದ್ದರೆ ಅದು ಈ ಹುಡುಗಿಗೆ. ಮೇಷ್ಟ್ರು ಉಸಿರು ತುಂಬಿಕೊಂಡು ಊದಿದರು.

ಪುಸ್ಸ್ ಅಂದೆ. ಕೊನೆಯಲ್ಲಿ ಒಂದು ಸಣ್ಣ ಕುಂಯ್.

ಸುಕನ್ಯ ಕಣ್ಣರಳಿಸಿ ಕೂತಿದ್ದಳು.

“ಇಷ್ಟೇನಾ ಸಾರ್? ಇಷ್ಟಕ್ಕಾ ಅವ್ರೆಲ್ಲ ನಿಂತ್ಬಿಡ್ತಿದ್ದಿದ್ದು?”

ನಾನು ಮೇಷ್ಟ್ರ ಮುಖ ನೋಡಿದೆ. ಹಳೇದಾಗಿದೆ, ಕೆಟ್ಟುಹೋಗಿದೆ, ಮುಂಚೆ ಹೀಗಿರಲಿಲ್ಲ ಅಂತ ಒಂದು ಮಾತು ಹೇಳಬಹುದಿತ್ತು.

“ಇಷ್ಟೇ ಕಣಮ್ಮ” ಅಂದರು ಮೇಷ್ಟ್ರು. “ನೀನೇನೂ ದೊಡ್ಡದು ಕಳ್ಕೊಂಡಿಲ್ಲ.”

ಅವಳು ನಕ್ಕಳು. ನಗುತ್ತಲೇ ಕಣ್ಣು ಒರೆಸಿಕೊಂಡಳು. ಆಮೇಲೆ ಕುರ್ಚಿಯನ್ನು ಹತ್ತಿರಕ್ಕೆಳೆದುಕೊಂಡು, “ಇನ್ನೊಂದ್ಸಲ ಊದಿ ಸಾರ್” ಅಂದಳು.