ಮೋರಖಂಡಿ ಎಂದು ಬರೆದ ಚೀಟಿ

ಹೈದರಾಬಾದಿನ ವಸ್ತುಸಂಗ್ರಹಾಲಯವೊಂದರಲ್ಲಿ ಪಳೆಯುಳಿಕೆಗಳ ವಿಭಾಗವನ್ನು ರತ್ನಮಾಲಾ ಒಂಬತ್ತು ವರ್ಷದಿಂದ ನೋಡಿಕೊಳ್ಳುತ್ತಿದ್ದಳು. ಅವಳ ಸುಪರ್ದಿಯಲ್ಲಿದ್ದ ನಾಲ್ಕು ಸಾವಿರ ಕಲ್ಲುಗಳಲ್ಲಿ ಒಂದರ ಬಗ್ಗೆ ಅವಳಿಗೆ ಮೊದಲಿನಿಂದಲೂ ಅನುಮಾನವಿತ್ತು. ಬೂದು ಬಣ್ಣದ, ರೊಟ್ಟಿಯಷ್ಟು ಅಗಲದ ಕಲ್ಲು. ಅದರ ತುಂಬ ಬಸವನಹುಳುವಿನ ಚಿಪ್ಪುಗಳು ಕಲ್ಲಾಗಿ ಕೂತಿದ್ದವು. ಜೊತೆಗಿದ್ದ ಚೀಟಿಯಲ್ಲಿ ‘ಮೋರಖಂಡಿ, ಬಸವಕಲ್ಯಾಣ ತಾಲೂಕು, ಹೊಸ ಬಾವಿ, ೧೯೮೪’ ಎಂದಿತ್ತು.

ಮೋರಖಂಡಿ ಅವಳು ಹುಟ್ಟಿದ ಊರು. ತೀರಿಹೋದ ಅಪ್ಪ ದೇವಿಂದ್ರಪ್ಪ ಬಾವಿ ತೋಡುತ್ತಿದ್ದವನು. ಬೇಸಿಗೆಯಲ್ಲಿ ನೀರು ಇಳಿದಾಗ ಊರಿನ ಬಾವಿಗಳನ್ನೆಲ್ಲ ಅವಳು ಇಳಿದು ನೋಡಿದ್ದಳು. ತಳದವರೆಗೂ ಕಪ್ಪು ಕಲ್ಲೇ. ಬೂದು ಕಲ್ಲು ಎಲ್ಲೂ ಇರಲಿಲ್ಲ.

ಪುಣೆಯ ಸಂಶೋಧಕರು ಆ ಕಲ್ಲು ಸಿಕ್ಕ ಜಾಗಕ್ಕೆ ಬರುತ್ತೇವೆಂದು ಪತ್ರ ಬರೆದಾಗ, ಚೀಟಿಯಲ್ಲಿ ಇದ್ದದ್ದನ್ನೇ ತಿಳಿಸಿಬಿಡಿ ಎಂದರು ನಿರ್ದೇಶಕರು. ರತ್ನಮಾಲಾ ಒಪ್ಪಲಿಲ್ಲ. ಚೀಟಿ ತಪ್ಪಾಗಿದೆ, ನಾಲ್ಕು ದಿನ ಕೊಡಿ, ಸರಿಯಾದ ಜಾಗ ಹುಡುಕಿ ತರುತ್ತೇನೆ ಎಂದಳು. ಅವಳ ದನಿಯಲ್ಲಿದ್ದ ಖಚಿತತೆ ಕಂಡು ನಿರ್ದೇಶಕರು ರಜೆಯ ಅರ್ಜಿಗೆ ಸಹಿ ಹಾಕಿದರು.

ಊರಿಗೆ ಬಂದವಳು ಕೈಕಾಲು ತೊಳೆಯುವ ಮೊದಲೇ ಮೊಬೈಲಿನಲ್ಲಿದ್ದ ಚಿತ್ರವನ್ನು ತಾಯಿ ಶೇವಂತಾಬಾಯಿಗೆ ತೋರಿಸಿದಳು. ಗಂಡ ತೋಡಿದ ಬಾವಿಗಳ ಕಲ್ಲನ್ನೆಲ್ಲ ಬುಟ್ಟಿಯಲ್ಲಿ ಹೊತ್ತು ಮೇಲೆ ತಂದವಳು ಅವಳೇ.

ಶೇವಂತಾಬಾಯಿ ಮೊಬೈಲನ್ನು ಕಣ್ಣಿನ ಹತ್ತಿರ ಹಿಡಿದಳು. “ಇದು ನಮ್ಮೂರದ್ದಲ್ಲ. ಬೇಮಳಖೇಡದ ಬಕ್ಕಪ್ಪ ಸಾವ್ಕಾರನ ಬಾವಿದು.”

“ಹ್ಯಾಂಗ ಅಂತಿ ಅವ್ವಾ?”

“ಹ್ಯಾಂಗ ಅಂದ್ರ? ಕರೇ ಕಲ್ಲು ಒಡದು ಒಡದು ಇದು ಸಿಗೂದ್ರಾಗ ನಿಮ್ಮಪ್ಪನ ಎರಡು ಹಾರಿ ಮುರದ್ವು. ಬ್ಯಾರೆ ಯಾವ ಬಾವಿಯೊಳಗೂ ಇಂಥಾ ಕಲ್ಲು ಬರಲಿಲ್ಲ. ಜೀಪಿನ್ಯಾಗ ಒಬ್ಬ ಸಾಹೇಬ ಬಂದು ಒಂದು ತುಕಡಿ ಒಯ್ದ.”

“ಮತ್ತ ಚೀಟಿಯೊಳಗ ಮೋರಖಂಡಿ ಅಂತ ಯಾಕ ಬರದಾನ?”

“ಊರು ಯಾವುದು ಅಂತ ನನ್ನ ಕೇಳಿದ. ಮೋರಖಂಡಿ ಅಂದೆ. ನಮ್ಮೂರು ಅದೇ ಅಲ್ಲೇನು?”

ರತ್ನಮಾಲಾ ಗಟ್ಟಿಯಾಗಿ ನಕ್ಕುಬಿಟ್ಟಳು.

ಮರುದಿನ ಬೆಳಿಗ್ಗೆ ಇಬ್ಬರೂ ಹುಮನಾಬಾದಿಗೆ ಹೋಗಿ, ಅಲ್ಲಿ ಬಸ್ಸು ಬದಲಿಸಿ ಬೇಮಳಖೇಡ ಮುಟ್ಟಿದರು. ಬಕ್ಕಪ್ಪ ಈಗಿಲ್ಲ, ಹೊಲ ನೋಡುವವನು ಮಗ ಗುರುಲಿಂಗ. ವಿಷಯ ಕೇಳಿದ್ದೇ ಅವನ ಮುಖ ಗಂಟಾಯಿತು.

“ಬಾವಿ ಕೊಡಂಗಿಲ್ರಿ ಮೇಡಂ. ಇವತ್ತು ಕಲ್ಲು ನೋಡ್ತೀವಿ ಅಂತೀರಿ, ನಾಳಿ ಹೊಲಕ್ಕ ಬೇಲಿ ಹಾಕ್ತೀರಿ.”

“ಹೊಲ ನಿಮ್ದು, ಬಾವಿ ನಿಮ್ದು. ನನಗ ಬೇಕಾಗಿದ್ದು ಒಂದು ಅಳತಿ, ಒಂದು ಅಂಗೈ ಅಗಲದ ಕಲ್ಲು. ಬೇಕಾದ್ರ ಈಗಲೇ ಬರಕೊಡ್ತೀನಿ,” ಎಂದು ರತ್ನಮಾಲಾ ಅಲ್ಲೇ ಕಾಗದ ತೆಗೆದು ಬರೆದು, ಸಹಿ ಹಾಕಿ ಕೊಟ್ಟಳು. ಗುರುಲಿಂಗ ಅದನ್ನು ಎರಡು ಸಲ ಓದಿದ. ಆಮೇಲೆ ಶೇವಂತಾಬಾಯಿಯ ಕಡೆ ತಿರುಗಿದ. “ನೀವು ದೇವಿಂದ್ರಪ್ಪನ ಮನಿಯವರೇನ್ರಿ? ಅವ ತೋಡಿದ ಬಾವಿ ಇನ್ನಾ ಒಂದು ಕಡೀನೂ ಕುಸಿದಿಲ್ಲ. ಬರ್ರಿ.”

ಮೇ ತಿಂಗಳು, ನೀರು ತಳ ಹಿಡಿದಿತ್ತು. ರತ್ನಮಾಲಾ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಮೆಟ್ಟಿಲಿಳಿದಳು. ದಂಡೆಯ ಮೇಲೆ ಕೂತ ತಾಯಿ ಕೂಗುತ್ತಿದ್ದಳು: “ಇನ್ನಾ ಕೆಳಗ! ಬಲಕ್ಕ!” ಮೂವತ್ತೆಂಟನೆಯ ಅಡಿಗೆ, ಎರಡು ಕಪ್ಪು ಬಂಡೆಗಳ ನಡುವೆ ಮೊಳದಷ್ಟು ದಪ್ಪದ ಬೂದು ಪಟ್ಟಿ ಕಂಡಿತು. ಕಲ್ಲಿನ ಪದರ ಎಲ್ಲಿ ಸಡಿಲವಾಗಿದೆಯೆಂದು ಬೆರಳಿನಿಂದ ಮುಟ್ಟಿ ನೋಡಿ ಸುತ್ತಿಗೆಯಿಂದ ಒಂದೇ ಏಟು ಹಾಕಿದಳು. ಕಲ್ಲು ಹೋಳಾಯಿತು. ಒಳಗೆ ಉಗುರಿನಷ್ಟು ಚಿಪ್ಪುಗಳು, ಸುರುಳಿ ಎಲ್ಲವೂ ಎಡಕ್ಕೆ. ವಸ್ತುಸಂಗ್ರಹಾಲಯದ ಕಲ್ಲಿನಲ್ಲಿದ್ದಂಥವೇ ಇವು.

“ಸಿಕ್ತು ಅವ್ವಾ!”

“ಸಿಗದೇ ಎಲ್ಲಿ ಹೋಗ್ತದ,” ಎಂದಳು ತಾಯಿ.

ಅವಳು ಮೇಲೆ ಬಂದಾಗ ಗುರುಲಿಂಗ ಕಲ್ಲನ್ನು ತಿರುಗಿಸಿ ತಿರುಗಿಸಿ ನೋಡಿದ. ಲಾವಾ ಒಮ್ಮೆ ಹರಿದು ನಿಂತ ಮೇಲೆ ಇಲ್ಲಿ ಕೆರೆಯಿತ್ತು, ಆರೂವರೆ ಕೋಟಿ ವರ್ಷದ ಹಿಂದಿನ ಮಾತು, ಆಮೇಲೆ ಮತ್ತೆ ಲಾವಾ ಬಂದು ಮುಚ್ಚಿತು ಎಂದು ರತ್ನಮಾಲಾ ವಿವರಿಸಿದಳು. ತನ್ನ ಹೊಲದಲ್ಲಿ ಕೆರೆಯಿತ್ತು ಎಂಬುದು ಅವನಿಗೆ ಬಹಳ ಹಿಡಿಸಿತು.

ಹೈದರಾಬಾದಿಗೆ ಮರಳಿದ ರತ್ನಮಾಲಾ ಹಳೆಯ ಚೀಟಿಯನ್ನು ನಿಯಮದಂತೆ ಇದ್ದಲ್ಲೇ ಬಿಟ್ಟು, ಹೊಸದೊಂದನ್ನು ಬರೆದಳು: ಬೇಮಳಖೇಡ, ಚಿಟಗುಪ್ಪಾ ತಾಲೂಕು, ಮೂವತ್ತೆಂಟು ಅಡಿ ಆಳ, ಬಾವಿ ತೋಡಿದವರು ದೇವಿಂದ್ರಪ್ಪ, ಶೇವಂತಾಬಾಯಿ, ಸ್ಥಳ ಗುರುತಿಸಿದವರು ಶೇವಂತಾಬಾಯಿ. ನಿರ್ದೇಶಕರು ಓದಿ, ಪುಣೆಗೆ ಇದನ್ನೇ ಕಳಿಸಿ ಎಂದರು.

ಜೂನ್ ಮೊದಲ ವಾರ ಪುಣೆಯವರು ಬಂದರು. ಹುಮನಾಬಾದಿನ ಬಸ್ ಸ್ಟ್ಯಾಂಡಿನಲ್ಲಿ ಅವರಿಗಾಗಿ ಕಾದಿದ್ದು ಶೇವಂತಾಬಾಯಿ. ಇಸ್ತ್ರಿ ಮಾಡಿದ ಇಲಕಲ್ ಸೀರೆ ಉಟ್ಟು, ಜೀಪಿನ ಮುಂದಿನ ಸೀಟಿನಲ್ಲಿ ಕೂತು ಡ್ರೈವರನಿಗೆ ದಾರಿ ಹೇಳುತ್ತ ಹೋದಳು.